ತೋಟೆ ಮೊದಲು, ಪಿಸ್ತೂಲು ಆಮೇಲೆ

ಪ್ರಶ್ನೆ: ಮಾನ್ಯರೇ, ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷಗಳಾದ ಮೇಲೆ ಈ ವರ್ಷ ನನಗೂ ನನ್ನ ಹೆಂಡತಿಗೂ ಗ್ರೀನ್ ಕಾರ್ಡ್ ಕೈಸೇರಿದೆ. ಸಹೋದ್ಯೋಗಿಗಳ ಜೊತೆ ಎರಡು ಮೂರು ಶನಿವಾರ ರೇಂಜಿಗೆ ಹೋಗಿ ಕಾಗದದ ಗುರಿಗಳ ಮೇಲೆ .22 ಪಿಸ್ತೂಲು ಹೊಡೆದೆವು, ಇಬ್ಬರಿಗೂ ಅದರ ರುಚಿ ಹತ್ತಿತು. ಆತ್ಮರಕ್ಷಣೆಯ ಉದ್ದೇಶ ನಮಗಿಲ್ಲ, ಬಿಡುವಿನ ದಿನದ ಹವ್ಯಾಸ ಅಷ್ಟೆ. ಒಂದನ್ನು ಕೊಳ್ಳೋಣವೆಂದರೆ ಒಬ್ಬರು ರೂಗರ್ ಮಾರ್ಕ್ 4 ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ, ಇನ್ನೊಬ್ಬರು ಬ್ರೌನಿಂಗ್ ಬಕ್ ಮಾರ್ಕ್ ಹೆಸರನ್ನೇ ಜಪಿಸುತ್ತಾರೆ, ಮೂರನೆಯವರು ರಿವಾಲ್ವರ್ ಕೊಳ್ಳಿರಿ ಎನ್ನುತ್ತಾರೆ. ನಿಮ್ಮ ಮೆಚ್ಚಿನದು ಯಾವುದು? ಊರಿನಲ್ಲಿ ನಮ್ಮ ತಂದೆಯವರ ಕೇಪಿನ ಕೋವಿಯನ್ನು ದೂರದಿಂದ ನೋಡಿದ್ದೇನೆಯೇ ಹೊರತು ಬೇರೆ ಅನುಭವವಿಲ್ಲ.
— ಡಲ್ಲಾಸ್ ಬಳಿಯ ಓದುಗರು

ಉತ್ತರ: ನಿಮ್ಮ ಮೂವರು ಮಿತ್ರರೂ ಸರಿಯಾದುದನ್ನೇ ಹೇಳಿದ್ದಾರೆ, ಆದರೆ ಮೂವರೂ ಮಾತನ್ನು ಪಿಸ್ತೂಲಿನಿಂದ ಆರಂಭಿಸಿದ್ದಾರೆ. ರಿಮ್‌ಫೈರ್ ಲೋಕದಲ್ಲಿ, ಅಂದರೆ ತಳದ ಅಂಚಿಗೆ ಪೆಟ್ಟು ಬಿದ್ದು ಹೊತ್ತುವ ನಿಮ್ಮ .22ರಂಥ ತೋಟೆಗಳ ಲೋಕದಲ್ಲಿ, ಮಾತು ತೋಟೆಯಿಂದ ಆರಂಭವಾಗಬೇಕು. ಆ ಪುಟ್ಟ ತೋಟೆಯ ಸ್ವಭಾವವನ್ನು ಒಮ್ಮೆ ಅರಿತುಕೊಂಡರೆ, ಯಾವ ಪಿಸ್ತೂಲು ಏಕೆ ಹಾಗಿದೆ, ಯಾವುದು ನಿಮ್ಮ ಕೈಯಲ್ಲಿ ಮುನಿಸಿಕೊಳ್ಳುತ್ತದೆ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ನಿಮ್ಮ ತಂದೆಯವರ ಕೋವಿಯಲ್ಲಿ ಕೇಪು ಹೊರಗೆ, ಮೊಲೆಯಂಥ ಒಂದು ಕೊಳವೆಯ ಮೇಲೆ ಕೂರುತ್ತಿತ್ತು. ಇಂದಿನ 9 ಮಿಲಿಮೀಟರ್ ತೋಟೆಯಲ್ಲಿ ಅದೇ ಕೇಪು ತೋಟೆಯ ತಳದ ನಟ್ಟನಡುವೆ ಕೂತಿರುತ್ತದೆ. ರಿಮ್‌ಫೈರ್ ತೋಟೆಯಲ್ಲಿ ಹಾಗೆ ಬೇರೆ ಕೇಪು ಎಂಬುದೇ ಇಲ್ಲ. ತೆಳುವಾದ ಹಿತ್ತಾಳೆಯ ತಳದ ಅಂಚನ್ನು ಟೊಳ್ಳಾಗಿ ಮಡಿಸಿ, ಹಸಿಯಾದ ಸಿಡಿಮದ್ದನ್ನು ಒಳಗೆ ಹಾಕಿ, ತೋಟೆಯನ್ನು ಗಿರ್ರನೆ ತಿರುಗಿಸಿ ಅದು ಅಂಚಿನ ಸುತ್ತಲೂ ಹರಡುವಂತೆ ಮಾಡುತ್ತಾರೆ. ಪಿಸ್ತೂಲಿನ ಸೂಜಿ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಮೊದಲ ರಿವಾಲ್ವರಿನ ಜೊತೆಗೆ ತಂದ .22 ಶಾರ್ಟ್ ತೋಟೆಯಿಂದ ಹಿಡಿದು, 1887ರಲ್ಲಿ ಸ್ಟೀವನ್ಸ್ ಕಂಪನಿ ರೂಪಿಸಿದ, ನಾವೆಲ್ಲ ಇಂದಿಗೂ ಹೊಡೆಯುವ .22 ಲಾಂಗ್ ರೈಫಲ್ ತೋಟೆಯವರೆಗೆ ಉಪಾಯ ಇದೇ. ಅಗ್ಗಕ್ಕೆ ಕೋಟಿಗಟ್ಟಲೆ ತಯಾರಿಸಬಹುದಾದ ತೋಟೆ ಇದು. ಅದರ ಕುಂದುಗಳು ಕೂಡ ಅಲ್ಲಿಂದಲೇ ಹುಟ್ಟಿದವು.

ಮೊದಲನೆಯದಾಗಿ, ಸಿಡಿಮದ್ದು ಅಂಚಿನ ಸುತ್ತ ಒಂದೇ ಸಮನಾಗಿ ಹರಡಿರುತ್ತದೆಂಬ ಭರವಸೆ ಇರುವುದಿಲ್ಲವಾದ್ದರಿಂದ ನೂರಕ್ಕೋ ಇನ್ನೂರಕ್ಕೋ ಒಂದು ತೋಟೆ ಹೊತ್ತದೆ ಉಳಿಯುವುದುಂಟು. ಎರಡನೆಯದಾಗಿ, ಗುಂಡು ಹೆಚ್ಚಾಗಿ ಬರೀ ಸೀಸದ್ದು, ಅದರ ಮೈಗೆ ಹೊರಗಡೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಮದ್ದಿನ ಮಸಿಯೂ ಈ ಜಿಡ್ಡೂ ಸೇರಿ ಪಿಸ್ತೂಲಿನ ಒಳಗೆ ಒಲೆಯ ಮೇಲಿನ ಇಲ್ಲಣದಂತೆ ಕಟ್ಟಿಕೊಳ್ಳುತ್ತದೆ. ಮೂರನೆಯದಾಗಿ, ತೋಟೆಯ ಅಂಚು ಮೈಯಿಗಿಂತ ಹೊರಚಾಚಿರುವುದರಿಂದ, ಮ್ಯಾಗಜೀನಿನಲ್ಲಿ (ತೋಟೆಗಳನ್ನು ಸಾಲಾಗಿ ತುಂಬಿಡುವ ಪೆಟ್ಟಿಗೆಯಲ್ಲಿ) ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಅಲ್ಲಿಗೆ ಆಟ ನಿಂತಿತು. ಆದ್ದರಿಂದ ಮೆಚ್ಚಿನ .22 ಪಿಸ್ತೂಲೆಂದರೆ ಈ ಮೂರು ಕುಂದುಗಳನ್ನು ಹೆಚ್ಚು ರಗಳೆಯಿಲ್ಲದೆ ತಾಳಿಕೊಳ್ಳುವ ಪಿಸ್ತೂಲು ಎಂದು ನನ್ನ ಲೆಕ್ಕ. ಅಂದ, ಹೆಸರು, ಸರಪಣಿಯಂತೆ ಜೋತುಬೀಳುವ ಅಲಂಕಾರಗಳು ಆಮೇಲಿನ ಮಾತು.

ಈಗ ನಿಮ್ಮ ಮೊದಲ ಮಿತ್ರರ ಮಾತಿಗೆ ಬರೋಣ. ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಅವರು ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟ್‌ನಲ್ಲಿ ಕಂಪನಿ ಕಟ್ಟಿ 1949ರಲ್ಲಿ ಹೊರತಂದ ಮೊದಲ ವಸ್ತುವೇ ಒಂದು .22 ಪಿಸ್ತೂಲು, ಆಗ ಅದರ ಬೆಲೆ ಮೂವತ್ತೇಳೂವರೆ ಡಾಲರ್. ಅದೇ ಮನೆತನ 1982ರಲ್ಲಿ ಮಾರ್ಕ್ 2, 2004ರಲ್ಲಿ ಮಾರ್ಕ್ 3, 2016ರಲ್ಲಿ ಮಾರ್ಕ್ 4 ಆಗಿ ಬೆಳೆಯಿತು. ಇದರ ಗುಣವಿರುವುದು ನಳಿಗೆ ಮತ್ತು ಹಿಂಗುರಿ (ಗುರಿ ಹಿಡಿಯಲು ಹಿಂಬದಿಯಲ್ಲಿರುವ ಕಚ್ಚು) ಒಂದಕ್ಕೊಂದು ಕದಲದಂತೆ ನಿಂತಿರುವುದರಲ್ಲಿ. ಗುಂಡು ಹಾರಿದಾಗ ಒಳಗಿನ ಬೋಲ್ಟ್ (ತೋಟೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು) ಮಾತ್ರ ಹಿಂದೆ ಮುಂದೆ ಓಡುತ್ತದೆ, ಕಣ್ಣಿಗೆ ಹಿಡಿದ ಗುರಿಗಳು ಅಲುಗುವುದಿಲ್ಲ. ಬಕ್ ಮಾರ್ಕ್‌ನಲ್ಲೂ (1985) ಹಿಂಗುರಿ ಮೇಲಿನ ಕದಲದ ಪಟ್ಟಿಯ ಮೇಲೆಯೇ ಕೂತಿದೆ. ಇವೆರಡರಲ್ಲಿ ಯಾವುದೇ ಕೊಂಡರೂ ಗುರಿ ತಪ್ಪಿದ ದೋಷವನ್ನು ಪಿಸ್ತೂಲಿನ ತಲೆಗೆ ಕಟ್ಟುವ ಸೌಲಭ್ಯ ನಿಮಗೆ ಬಹಳ ಕಾಲ ಸಿಗಲಾರದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಒಂದು, ಹಿಡಿಯ ಓರೆಯಲ್ಲಿ. ಮಾರ್ಕ್ 4ರ ಮಾಮೂಲು ಹಿಡಿ ಹಳೆಯ ಜರ್ಮನ್ ಲೂಗರ್ ಪಿಸ್ತೂಲಿನಂತೆ ಹೆಚ್ಚು ಓರೆಯಾಗಿದೆ. ಬಕ್ ಮಾರ್ಕ್‌ನದು ಕೋಲ್ಟ್ 1911ರ ಹಿಡಿಯಂತೆ ನೆಟ್ಟಗಿದೆ. ನೆಟ್ಟಗಿನ ಹಿಡಿ ಒಗ್ಗುವವರಿಗಾಗಿಯೇ ರೂಗರ್ ಕಂಪನಿ 22/45 ಎಂಬ ಇನ್ನೊಂದು ಬಗೆಯನ್ನು ಮಾಡುತ್ತದೆ. ಅಂಗಡಿಯಲ್ಲಿ ಪಿಸ್ತೂಲು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಅಂಗಡಿಯವರು ತೋರಿಸಿದ ದಿಕ್ಕಿಗೆ ಮುಖ ಮಾಡಿ, ಕಣ್ಣು ಮುಚ್ಚಿ ತೋಳು ಚಾಚಿ, ಆಮೇಲೆ ಕಣ್ಣು ತೆರೆಯಿರಿ. ಮುಂಗುರಿ ಹಿಂಗುರಿಯ ಬಾಯಲ್ಲಿ ಸರಿಯಾಗಿ ಕೂತಿದ್ದರೆ ಆ ಹಿಡಿ ನಿಮ್ಮದು, ಮೂತಿ ಮೇಲಕ್ಕೋ ಕೆಳಕ್ಕೋ ನೋಡುತ್ತಿದ್ದರೆ ಅಲ್ಲ. ನಿಮ್ಮ ಹೆಂಡತಿಯವರೂ ಇದನ್ನು ಬೇರೆಯಾಗಿಯೇ ಮಾಡಿ ನೋಡಲಿ, ಏಕೆಂದರೆ ಒಂದೇ ಮನೆಯ ಇಬ್ಬರ ಮಣಿಕಟ್ಟು ಒಂದೇ ಬಗೆ ಇರಬೇಕೆಂದೇನಿಲ್ಲ. ತೂಕವನ್ನೂ ಆಗಲೇ ನೋಡಿರಿ. ದಪ್ಪ ನಳಿಗೆಯ ಮಾರ್ಕ್ 4 ಒಂದು ಕಿಲೋದ ಆಸುಪಾಸಿನಲ್ಲಿದೆ. ಹತ್ತು ಈಡುಗಳ ತನಕ ಅದು ಕೈಯನ್ನು ಸ್ಥಿರವಾಗಿಡುತ್ತದೆ, ನೂರು ಈಡುಗಳ ಹೊತ್ತಿಗೆ ತೋಳನ್ನು ದಣಿಸುತ್ತದೆ. ಅಲ್ಯೂಮಿನಿಯಂ ಹೊದಿಕೆಯ ಹಗುರ ಬಗೆಗಳು ಇದಕ್ಕಾಗಿಯೇ ಇವೆ.

ಇನ್ನೊಂದು ವ್ಯತ್ಯಾಸ ಬಿಚ್ಚಿ ತೊಳೆಯುವುದರಲ್ಲಿದೆ. ಅಷ್ಟು ಮಸಿ ಕಟ್ಟುವ ತೋಟೆಗೆ ಇದು ದೊಡ್ಡ ಮಾತು. ಮಾರ್ಕ್ 4ರಲ್ಲಿ ಹಿಂಬದಿಯ ಒಂದು ಗುಂಡಿಯನ್ನು ಒತ್ತಿದರೆ ಮೇಲಿನ ಭಾಗ ಕೆಳಗಿನದರಿಂದ ಬೇರ್ಪಡುತ್ತದೆ. ಬಕ್ ಮಾರ್ಕ್‌ಗೆ ಆರುಮೂಲೆಯ ಕೀಲಿಯಿಂದ ಮೇಲಿನ ಪಟ್ಟಿಯ ತಿರುಪುಗಳನ್ನು ಬಿಚ್ಚಬೇಕು. 2016ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ಒಂದೇ ತಿರುಪಿನಲ್ಲಿ ಮುಗಿಯುತ್ತದೆ, ನಳಿಗೆಯೂ ಕಳಚಿ ಬರುತ್ತದೆ. ನನ್ನ ಸ್ವಂತದ್ದು ಹಳೆಯ ಮಾರ್ಕ್ 2. ಮೊದಲ ಸಲ ಅದನ್ನು ಬಿಚ್ಚಿ ಮತ್ತೆ ಜೋಡಿಸಲು ಒಂದು ಭಾನುವಾರದ ಮಧ್ಯಾಹ್ನ ಪೂರ್ತಿ ಹಿಡಿಯಿತು. ಸುತ್ತಿಗೆಯ ಹಿಂದಿನ ಪುಟ್ಟ ಕಡ್ಡಿಯೊಂದು ತನ್ನ ತಾವಿಗೆ ಕೂರದೆ ಸತಾಯಿಸಿದ್ದು, ಕೊನೆಗೆ ಪಿಸ್ತೂಲನ್ನು ತಲೆಕೆಳಗೆ ಹಿಡಿದಾಗ ತಾನಾಗಿ ಕೂತದ್ದು ಇಂದಿಗೂ ನೆನಪಿದೆ. ಆದರೂ ನನ್ನ ಮೆಚ್ಚಿನದು ಅದೇ, ಏಕೆಂದರೆ ಅದು ಯಾವ ತೋಟೆ ತಿನ್ನುತ್ತದೆ, ಯಾವುದನ್ನು ಉಗುಳುತ್ತದೆ ಎಂದು ನನಗೆ ಗೊತ್ತು. ಹೊಸದಾಗಿ ಕೊಳ್ಳುವವರಿಗೆ ಮಾತ್ರ ಆ ಪರೀಕ್ಷೆಯನ್ನು ನಾನು ಶಿಫಾರಸು ಮಾಡಲಾರೆ.

ವಾಲ್ಥರ್ ಪಿ22, ರೂಗರ್ ಎಸ್‌ಆರ್22, ಟಾರಸ್ ಟಿಎಕ್ಸ್22ರಂತಹ, ದೊಡ್ಡ ಪಿಸ್ತೂಲುಗಳ ರೂಪ ತಾಳಿದ ಹಗುರ ಪಿಸ್ತೂಲುಗಳೂ ಇವೆ. ಸಣ್ಣ ಕೈಗೆ ಒಗ್ಗುತ್ತವೆ, ಸಂತೋಷವನ್ನೂ ಕೊಡುತ್ತವೆ. ಆದರೆ ಹಿಂಗುರಿ ಸ್ಲೈಡಿನ (ಪ್ರತಿ ಈಡಿಗೂ ಹಿಂದೆ ಸರಿಯುವ ಮೇಲ್ಭಾಗದ) ಜೊತೆ ಓಡಾಡುತ್ತದೆ, ನಳಿಗೆ ಗಿಡ್ಡ. ಇಪ್ಪತ್ತೈದು ಗಜದಲ್ಲಿ ಅಂಗೈಯಗಲದ ಗುರಿಗಿಂತ ಸೂಕ್ಷ್ಮವಾದುದನ್ನು ಅವುಗಳಿಂದ ನಿರೀಕ್ಷಿಸಬಾರದು.

ರಿವಾಲ್ವರಿನ ಪರವಾಗಿ ನಿಮ್ಮ ಮೂರನೆಯ ಮಿತ್ರರು ಹೇಳಿದ್ದರಲ್ಲಿ ಒಂದು ಒಳ್ಳೆಯ ನ್ಯಾಯವಿದೆ. ರಿವಾಲ್ವರಿಗೆ ಮ್ಯಾಗಜೀನಿಲ್ಲ, ಅಂಚುಗಳು ಸಿಕ್ಕಿಕೊಳ್ಳುವ ಪ್ರಶ್ನೆಯಿಲ್ಲ. ತೋಟೆಯ ಬಲದಿಂದ ಯಂತ್ರ ಓಡಬೇಕಾಗಿಲ್ಲವಾದ್ದರಿಂದ ಅತಿ ಮೆಲ್ಲನೆಯ ತೋಟೆಯಿಂದ ಅತಿ ಬಿರುಸಿನದರವರೆಗೆ ಎಲ್ಲವನ್ನೂ ಅದು ಸಮಾಧಾನದಿಂದ ಹೊಡೆಯುತ್ತದೆ. ಒಂದು ತೋಟೆ ಹೊತ್ತದಿದ್ದರೆ ತಿರುಗುವ ಉರುಳೆಯ ಮುಂದಿನ ಕೋಣೆ (ತೋಟೆ ಕೂರುವ ತೂತು) ಸಿದ್ಧವಾಗಿರುತ್ತದೆ. ಆದರೆ ಅಂಚನ್ನು ಜಜ್ಜಲು ಬಲವಾದ ಪೆಟ್ಟು ಬೇಕಾಗುವುದರಿಂದ .22 ರಿವಾಲ್ವರುಗಳ ಉದ್ದನೆಯ ಟ್ರಿಗರ್ ಎಳೆತ ದೊಡ್ಡ ತೋಟೆಯ ರಿವಾಲ್ವರುಗಳಿಗಿಂತ ಬಿಗಿಯಾಗಿರುತ್ತದೆ, ಮತ್ತು ನೂರು ಈಡುಗಳ ಹೊತ್ತಿಗೆ ಕೋಣೆಗಳಲ್ಲಿ ಮಸಿ ಕಟ್ಟಿ ಖಾಲಿ ತೋಟೆಗಳು ಹೊರಬರಲು ಹಟ ಹಿಡಿಯುತ್ತವೆ. ಹತ್ತು ಗುಂಡಿನ ಸ್ಮಿತ್ ಅಂಡ್ ವೆಸನ್ 617 ಸೊಗಸಾದ ವಸ್ತು, ಬೆಲೆಯೂ ಅಷ್ಟೇ ಸೊಗಸಾಗಿದೆ. ಪ್ರತಿ ಸಲವೂ ಹೆಬ್ಬೆರಳಿನಿಂದ ಸುತ್ತಿಗೆ ಎಳೆದು ಹೊಡೆಯುವ ರೂಗರ್ ಸಿಂಗಲ್ ಸಿಕ್ಸ್ (1953) ಅಥವಾ ಅದಕ್ಕಿಂತ ಬಹಳ ಅಗ್ಗವಾದ ರ‍್ಯಾಂಗ್ಲರ್ (2019) ಕಲಿಯುವವರಿಗೆ ಒಂದು ದೊಡ್ಡ ಉಪಕಾರ ಮಾಡುತ್ತವೆ: ಒಂದೊಂದೇ ತೋಟೆಯನ್ನು ಪಕ್ಕದ ಬಾಗಿಲಿನಿಂದ ತುಂಬಿ ಒಂದೊಂದನ್ನೇ ಹೊರದಬ್ಬಬೇಕಾಗಿರುವುದರಿಂದ ಡಬ್ಬಿ ಬೇಗ ಖಾಲಿಯಾಗುವುದಿಲ್ಲ, ಪ್ರತಿ ಈಡಿನ ಮೇಲೂ ಗಮನ ನಿಲ್ಲುತ್ತದೆ. ಸಿಂಗಲ್ ಸಿಕ್ಸ್ ಜೊತೆ .22 ಮ್ಯಾಗ್ನಮ್ ತೋಟೆಗೆಂದು ಎರಡನೆಯ ಉರುಳೆಯೂ ಬರುವುದುಂಟು. ಮ್ಯಾಗ್ನಮ್ ತೋಟೆಯ ಮೈ ದಪ್ಪ. ಅದರ ಉರುಳೆಯಲ್ಲಿ ಲಾಂಗ್ ರೈಫಲ್ ತೋಟೆ ಹಾಕಿ ಹೊಡೆದರೆ ಹಿತ್ತಾಳೆ ಸೀಳುತ್ತದೆ. ಈ ಎರಡನ್ನು ಎಂದೂ ಬೆರೆಸಬೇಡಿರಿ.

ನಿಮ್ಮ ಸನ್ನಿವೇಶದಲ್ಲಿ ನಾನಾಗಿದ್ದರೆ ಐದೂವರೆ ಇಂಚಿನ ನಳಿಗೆಯ ಮಾರ್ಕ್ 4 ಒಂದನ್ನು, ನಿಮ್ಮಿಬ್ಬರಿಗೂ ಒಗ್ಗುವ ಹಿಡಿಯದನ್ನು, ಎರಡು ಹೆಚ್ಚುವರಿ ಮ್ಯಾಗಜೀನುಗಳ ಸಮೇತ ಕೊಳ್ಳುತ್ತಿದ್ದೆ. ಬಳಿಕ ಐದು ಬಗೆಯ ತೋಟೆಗಳ ಐವತ್ತರ ಡಬ್ಬಿ ಒಂದೊಂದು ತರುತ್ತಿದ್ದೆ: 40 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1070 ಅಡಿ ಓಡುವ ಸಿಸಿಐ ಸ್ಟ್ಯಾಂಡರ್ಡ್, ಅದೇ ತೂಕದ ಗುಂಡು 1235 ಅಡಿ ಓಡುವ ಮಿನಿಮ್ಯಾಗ್, ಇವುಗಳ ಜೊತೆ ಬೇರೆ ಕಂಪನಿಗಳ ಮೂರು. (ಈ ವೇಗಗಳು ಉದ್ದ ನಳಿಗೆಯಲ್ಲಿ ಅಳೆದವು, ಪಿಸ್ತೂಲಿನಲ್ಲಿ ಕಡಿಮೆಯಾಗುತ್ತವೆ.) ಮರಳಿನ ಚೀಲದ ಮೇಲೆ ಕೈ ಊರಿ ಇಪ್ಪತ್ತೈದು ಗಜದಿಂದ ಪ್ರತಿಯೊಂದರ ಹತ್ತು ಈಡು ಹೊಡೆದು, ತೂತುಗಳು ಎಷ್ಟು ಒತ್ತಾಗಿವೆ, ಎಷ್ಟು ಸಲ ತೊಡಕಾಯಿತು ಎಂದು ಕಾಗದದ ಮೇಲೆಯೇ ಬರೆದಿಡಿರಿ. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ಎರಡು ಪಿಸ್ತೂಲುಗಳು ಬೇರೆ ಬೇರೆ ತೋಟೆಯನ್ನು ಮೆಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಪಿಸ್ತೂಲು ಮೆಚ್ಚಿದ್ದನ್ನು ಐನೂರರ ಕಟ್ಟಾಗಿ ಕೊಳ್ಳಿರಿ. ಬಕೆಟಿನಲ್ಲಿ ಸುರಿದು ಮಾರುವ ಸಗಟು ತೋಟೆಗಳಿಂದ ಉಳಿಯುವ ಒಂದೆರಡು ಸೆಂಟುಗಳು ತೊಡಕು ಬಿಡಿಸುವುದರಲ್ಲೇ ಕಳೆದುಹೋಗುತ್ತವೆ.

ಇನ್ನು ಮೂರು ಮಾತುಗಳಿವೆ. ಸದ್ದು ಚಿಕ್ಕದೆಂದು ಕಿವಿಗೆ ಮುಚ್ಚಳ ಹಾಕದಿರಬೇಡಿರಿ; .22 ಪಿಸ್ತೂಲಿನ ಸದ್ದೂ 140 ಡೆಸಿಬಲ್ ದಾಟುತ್ತದೆ. ಗುಂಡಿನಲ್ಲೂ ಸಿಡಿಮದ್ದಿನಲ್ಲೂ ಸೀಸವಿರುವುದರಿಂದ ರೇಂಜಿನಿಂದ ಹೊರಬಿದ್ದೊಡನೆ ತಣ್ಣೀರು, ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬೇಡಿರಿ. ಮನೆಯಲ್ಲಿ ಮಕ್ಕಳಿದ್ದರೆ ಬಟ್ಟೆ ಬದಲಿಸಿದ ಮೇಲೆಯೇ ಅವರನ್ನು ಎತ್ತಿಕೊಳ್ಳಿರಿ. ಮೂರನೆಯದು ನಮ್ಮವರ ಮನೆಗಳಿಗೇ ವಿಶೇಷವಾದದ್ದು. ಊರಿನಿಂದ ತಂದೆತಾಯಿಯವರು ಪ್ರವಾಸಿ ವೀಸಾದ ಮೇಲೆ ಬಂದು ಆರು ತಿಂಗಳು ಉಳಿಯುತ್ತಾರಲ್ಲವೇ? ಅಂಥವರು ಬಂದೂಕು ಹೊಂದಿರುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದ್ದರಿಂದ ಪಿಸ್ತೂಲಿನ ಪೆಟ್ಟಿಗೆಗೆ ಬೀಗವಿರಲಿ, ಕೀಲಿ ನಿಮ್ಮಿಬ್ಬರ ಬಳಿಯೇ ಇರಲಿ, ದೇವರಮನೆಯ ಗೂಡಿನಲ್ಲಿ ನೇತುಹಾಕಬೇಡಿರಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನೊಬ್ಬ ಅಮೆರಿಕದ ಪ್ರಜೆ. ನನ್ನ ಹಣದಲ್ಲಿ ಅವನ ಹೆಸರಿನಲ್ಲಿ ಬಕ್ ಮಾರ್ಕ್ ಕೊಂಡರೆ ಹೇಗೆ?
— ಎಡಿಸನ್, ನ್ಯೂಜೆರ್ಸಿಯಿಂದ ಓದುಗರು

ಉತ್ತರ: ದಯವಿಟ್ಟು ಮಾಡಬೇಡಿರಿ. ಅಂಗಡಿಯಲ್ಲಿ ತುಂಬುವ 4473 ಸಂಖ್ಯೆಯ ಅರ್ಜಿಯಲ್ಲಿ ‘ನಿಜವಾದ ಖರೀದಿದಾರ ನೀವೇ ಏನು’ ಎಂಬ ಪ್ರಶ್ನೆಯಿದೆ. ಅದಕ್ಕೆ ನಿಮ್ಮ ಗೆಳೆಯ ಹೌದೆಂದು ಬರೆದರೆ ಅದು ಫೆಡರಲ್ ಅಪರಾಧ, ನಿಮಗಂತೂ ಗಡೀಪಾರಿನವರೆಗೆ ಹೋಗಬಹುದಾದ ವಿಷಯ. 1998ರ ತಿದ್ದುಪಡಿಯ ನಂತರ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವಂತಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದು ಕೂಡ ಈ ಮಾತಿನ ಒಳಗೇ ಬರುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿಯಿರುವುದು ನಿಜ. ಆದರೆ ನಿಮ್ಮ ರಾಜ್ಯದಲ್ಲಿ ಇದರ ಮೇಲೆ ಖರೀದಿದಾರರ ಗುರುತುಚೀಟಿ, ಪ್ರತಿ ಕೈಬಂದೂಕಿಗೂ ಪ್ರತ್ಯೇಕ ಅನುಮತಿ ಪತ್ರ ಎಂಬ ಮೆಟ್ಟಿಲುಗಳಿವೆ. ವಲಸೆ ಕಾನೂನಿನ ವಕೀಲರೊಬ್ಬರ ಲಿಖಿತ ಅಭಿಪ್ರಾಯವಿಲ್ಲದೆ ಆ ದಾರಿಗೆ ಕಾಲಿಡಬೇಡಿರಿ. ‘ಹಾಗಾದರೆ ಏರ್ ಪಿಸ್ತೂಲಾದರೂ ಕೊಳ್ಳುತ್ತೇನೆ’ ಎಂದುಕೊಳ್ಳುವ ಮೊದಲು ಇದನ್ನೂ ತಿಳಿದಿರಿ: ಫೆಡರಲ್ ಕಾನೂನಿಗೆ ಅದು ಬಂದೂಕಲ್ಲ, ನ್ಯೂಜೆರ್ಸಿಯ ಕಾನೂನಿಗೆ ಅದೂ ಬಂದೂಕೇ. ಗ್ರೀನ್ ಕಾರ್ಡ್ ಬರುವ ತನಕ ತಾಳ್ಮೆಯಿರಲಿ. ಬಕ್ ಮಾರ್ಕ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಹಳೆಯ ಸಿಂಗಲ್ ಸಿಕ್ಸ್ ಒಂದು ಮತ್ತು ಕೈ ಬದಲಾದ ಮಾರ್ಕ್ 4 ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗಿವೆ. ನಂಬಬಹುದೇ?
— ಫೀನಿಕ್ಸ್‌ನಿಂದ ಓದುಗರು

ಉತ್ತರ: ನಂಬಬಹುದು, ಆದರೆ ಎರಡರಲ್ಲೂ ಕೇಳಬೇಕಾದ ಒಂದೊಂದು ಪ್ರಶ್ನೆಯಿದೆ. 1953ರಿಂದ 1972ರವರೆಗಿನ ಸಿಂಗಲ್ ಸಿಕ್ಸ್‌ಗಳಲ್ಲಿ ಸುತ್ತಿಗೆ ನೇರವಾಗಿ ಸೂಜಿಯ ಮೇಲೆ ಒರಗಿರುತ್ತಿತ್ತು. ಕೈತಪ್ಪಿ ನೆಲಕ್ಕೆ ಬಿದ್ದರೆ ಈಡು ಹಾರುವ ಸಂಭವವಿತ್ತು. ಅದಕ್ಕಾಗಿ ಆರರ ಉರುಳೆಯಲ್ಲಿ ಐದನ್ನೇ ತುಂಬಿ, ಸುತ್ತಿಗೆಯ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ರೂಢಿ. 1973ರ ನಂತರದವುಗಳಲ್ಲಿ ನಡುವೆ ಅಡ್ಡಪಟ್ಟಿಯೊಂದು ಬಂದು ಆ ಭಯ ಹೋಯಿತು. ಹಳೆಯವುಗಳಿಗೂ ಆ ಭಾಗವನ್ನು ಕಂಪನಿಯವರು ಉಚಿತವಾಗಿ ಜೋಡಿಸಿಕೊಡುತ್ತಾ ಬಂದಿದ್ದಾರೆ; ಈ ಕೆಲಸ ಆಗಿದೆಯೇ ಎಂದು ಕೇಳಿರಿ. ಮಾರ್ಕ್ 4ರ ವಿಷಯದಲ್ಲಿ, 2017ರ ಜೂನ್ ತಿಂಗಳಿಗಿಂತ ಮೊದಲು ತಯಾರಾದವುಗಳ ಸೇಫ್ಟಿ ಗುಂಡಿಯಲ್ಲಿ ದೋಷವಿರಬಹುದೆಂದು ಕಂಪನಿಯೇ ಪ್ರಕಟಿಸಿ ಅವನ್ನು ಸರಿಪಡಿಸಲು ವಾಪಸು ಕರೆಸಿಕೊಂಡಿತ್ತು. ಪಿಸ್ತೂಲಿನ ಮೇಲಿನ ಸಂಖ್ಯೆಯನ್ನು ಕೊಟ್ಟರೆ ಅದು ದುರಸ್ತಿಯಾದದ್ದೋ ಅಲ್ಲವೋ ಎಂದು ಹೇಳುತ್ತಾರೆ. ಇದರ ಜೊತೆಗೆ ಕೋಣೆಯ ಬಾಯನ್ನು ಬೆಳಕು ಹಾಯಿಸಿ ನೋಡಿರಿ. ಖಾಲಿ ಪಿಸ್ತೂಲಿನ ಟ್ರಿಗರನ್ನು ಲೆಕ್ಕವಿಲ್ಲದಷ್ಟು ಸಲ ಎಳೆದಿದ್ದರೆ, ಹಳೆಯ ಕೆಲವು ಪಿಸ್ತೂಲುಗಳಲ್ಲಿ ಸೂಜಿ ಅಲ್ಲಿನ ಉಕ್ಕನ್ನೇ ಕುಟ್ಟಿ ಗುಳಿ ಮಾಡಿರುತ್ತದೆ. ಅಂಥದ್ದು ಅರ್ಧ ಬೆಲೆಗೂ ಬೇಡ.

ಪ್ರಶ್ನೆ: ನನ್ನ ಭಾವ ಅಮೆರಿಕದಲ್ಲಿದ್ದಾರೆ, ಅವರ ಬಳಿ ಮಾರ್ಕ್ 4 ಇದೆ. ಬರುವ ಡಿಸೆಂಬರಿನಲ್ಲಿ ಬರುವಾಗ ನನಗೊಂದು ತರಬಹುದೇ? ಇಲ್ಲಿ .22 ಪಿಸ್ತೂಲು ಹೊಡೆಯಲು ಬೇರೆ ದಾರಿಯಿದೆಯೇ?
— ಬೆಂಗಳೂರಿನಿಂದ ಓದುಗರು

ಉತ್ತರ: ಚಾಕೊಲೇಟು, ಬಾದಾಮಿಗಳ ಜೊತೆ ತರುವ ವಸ್ತು ಇದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ನಿಮಗೆ ಪರವಾನಗಿ ಬೇಕು, ವಿದೇಶದಿಂದ ತರಿಸಲು ಬೇರೆಯೇ ಅನುಮತಿ ಬೇಕು, ಮತ್ತು ಆ ಅನುಮತಿ ಬಹುಮಟ್ಟಿಗೆ ಸ್ಪರ್ಧೆಗಳಲ್ಲಿ ನಿಗದಿಯಾದ ಅಂಕ ಗಳಿಸಿದ ಶೂಟರುಗಳಿಗೆ ಮೀಸಲು. ನಿಮ್ಮ ಭಾವನವರಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಿರಿ. ರೇಂಜಿಗೆ ಒಯ್ಯುವ ಚೀಲವನ್ನೇ ವಿಮಾನಕ್ಕೂ ಒಯ್ದು, ಮೂಲೆಯಲ್ಲಿ ಉಳಿದ ಒಂದೇ ಒಂದು .22 ತೋಟೆಗಾಗಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ಕೈಗೆ ಸಿಕ್ಕಿದ ಪ್ರಯಾಣಿಕರಿದ್ದಾರೆ. ರೇಂಜಿನ ಚೀಲ ರೇಂಜಿಗೆ ಮಾತ್ರ.

ಇಲ್ಲಿನ ದಾರಿ 4.5 ಮಿಲಿಮೀಟರಿನ ಏರ್ ಪಿಸ್ತೂಲಿನಿಂದ, ಹತ್ತು ಮೀಟರಿನ ರೇಂಜಿನಿಂದ ಶುರುವಾಗುತ್ತದೆ. ಅದನ್ನು ಕೀಳೆಂದು ತಿಳಿಯಬೇಡಿರಿ: ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಅದರಲ್ಲಿಯೇ. ಅಲ್ಲಿ ಕೈ ಪಳಗಿದ ಮೇಲೆ, ಶೂಟಿಂಗ್ ಸಂಸ್ಥೆಯ ಸದಸ್ಯತ್ವದ ಮೂಲಕ .22 ಪಿಸ್ತೂಲಿನ 25 ಮೀಟರ್ ಸ್ಪರ್ಧೆಗಳತ್ತ ಹೋಗಬಹುದು. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದ ರ‍್ಯಾಪಿಡ್ ಫೈರ್ ಹಾಗೂ ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ 25 ಮೀಟರ್ ಪಿಸ್ತೂಲು, ಎರಡೂ ಇದೇ ಲಾಂಗ್ ರೈಫಲ್ ತೋಟೆಯವು. ಆ ಮಟ್ಟದಲ್ಲಿ ಇಟಲಿಯ ಪಾರ್ಡಿನಿಯಂತಹ, ಹಿಡಿಯನ್ನು ಅಂಗೈಗೆ ಅಚ್ಚು ಹೊಯ್ದಂತೆ ಕೆತ್ತಿಸಿಕೊಳ್ಳುವ ಪಿಸ್ತೂಲುಗಳು ನಡೆಯುತ್ತವೆ. ಐದೇ ಗುಂಡಿನ ಮ್ಯಾಗಜೀನು, ಮೆಲ್ಲನೆಯ ತೋಟೆ. ಡಬ್ಬಿಗಟ್ಟಲೆ ಡಬ್ಬ ಹೊಡೆದುರುಳಿಸುವ ಆನಂದಕ್ಕೆ ಅವು ಹುಟ್ಟಿದವಲ್ಲ.

ಪ್ರಶ್ನೆ: ಟ್ರಿಗರ್ ಎಳೆದರೂ ‘ಟಕ್’ ಎಂದು ಸುಮ್ಮನಾಗುತ್ತದೆ. ಕೂಡಲೇ ಬೋಲ್ಟ್ ಎಳೆದು ತೆಗೆಯುವುದೇ?
— ಡಲ್ಲಾಸ್ ಓದುಗರದೇ ಎರಡನೆಯ ಪತ್ರ

ಉತ್ತರ: ಕೂಡಲೇ ಬೇಡ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತರವರೆಗೆ ನಿಧಾನವಾಗಿ ಎಣಿಸಿರಿ, ಏಕೆಂದರೆ ಅಪರೂಪಕ್ಕೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಆಮೇಲೆ ತೋಟೆಯನ್ನು ಹೊರತೆಗೆದು ಅಂಚನ್ನು ನೋಡಿರಿ. ಸೂಜಿಯ ಗುರುತು ಆಳವಾಗಿದ್ದರೆ ಆ ಜಾಗದಲ್ಲಿ ಸಿಡಿಮದ್ದು ಇರಲಿಲ್ಲವೆಂದರ್ಥ, ತಪ್ಪು ತೋಟೆಯದು. ಗುರುತು ತೆಳುವಾಗಿದ್ದರೆ ಸೂಜಿಯ ದಾರಿಯಲ್ಲೋ ಕೋಣೆಯಲ್ಲೋ ಮಸಿ ಕೂತಿದೆ, ಪಿಸ್ತೂಲನ್ನು ತೊಳೆಯುವ ಹೊತ್ತು ಬಂದಿದೆ. ಹೊತ್ತದ ತೋಟೆಯನ್ನು ಜೇಬಿಗೆ ಹಾಕಿಕೊಳ್ಳದೆ ರೇಂಜಿನವರು ಅದಕ್ಕೆಂದೇ ಇಟ್ಟಿರುವ ಡಬ್ಬಿಗೆ ಹಾಕಿರಿ.

‘ಟಕ್’ ಎಂಬುದಕ್ಕಿಂತ ನಾನು ಹೆಚ್ಚು ಅಂಜುವುದು ‘ಪುಸ್’ ಎಂಬ ಸದ್ದಿಗೆ. ಮಾಮೂಲಿಗಿಂತ ಮೆತ್ತಗಿನ ಸದ್ದು ಕೇಳಿ ಕಾಗದದ ಮೇಲೆ ಹೊಸ ತೂತು ಕಾಣದಿದ್ದರೆ ಗುಂಡು ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೋದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಅಂದು ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಮ್ಯಾಗಜೀನು ತೆಗೆದು, ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ರೇಂಜಿನ ಅಧಿಕಾರಿಯನ್ನು ಕರೆಯಿರಿ. ಹಿತ್ತಾಳೆಯ ಕಡ್ಡಿಯೊಂದನ್ನು ನಳಿಗೆಯೊಳಗೆ ಹಾಯಿಸಿ ಅದು ಆ ಕಡೆಯಿಂದ ಹೊರಬಂದ ಮೇಲೆಯೇ ಮುಂದಿನ ಈಡು.